ಏಳನೆಯ ಸಾಲಿನ ಸಿಪಾಯಿ

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವವರ ಬೋಗಿಯಲ್ಲಿ ಇಸ್ಪೀಟಿಗೆ ಇರುವ ಮರ್ಯಾದೆ ಚದುರಂಗಕ್ಕೆ ಇಲ್ಲ. ಇಸ್ಪೀಟಿನವರಿಗೆ ನಾಲ್ವರ ಮೊಣಕಾಲಿನ ಮೇಲೆ ಹಾಸಿದ ಒಂದು ಟವೆಲ್ ಸಾಕು. ಸುತ್ತ ನಿಂತವರೂ ಆಟಗಾರರೇ ಆಗಿಬಿಡುತ್ತಾರೆ. ನಮ್ಮದು ಇಬ್ಬರ ಆಟ, ಅದೂ ಬಹುಪಾಲು ಮಾತಿಲ್ಲದ ಆಟ. ಪುಸ್ತಕದಂತೆ ಮಡಚಿಡಬಹುದಾದ ಒಂದು ಪುಟ್ಟ ಆಯಸ್ಕಾಂತದ ಮಣೆ ಹನ್ನೊಂದು ವರ್ಷದಿಂದ ನನ್ನ ಚೀಲದಲ್ಲಿ ಊಟದ ಡಬ್ಬಿಯ ಪಕ್ಕದಲ್ಲೇ ಓಡಾಡುತ್ತಿದೆ. ಅದರ ಬಿಳಿ ಸಿಪಾಯಿಗಳಲ್ಲೊಂದು ಹಿರೇಹಳ್ಳಿಯ ಹತ್ತಿರ ಎಂದೋ ಕಿಟಕಿಯಿಂದ ಹಾರಿಹೋಯಿತು. ಅಂದಿನಿಂದ ಆ ಜಾಗದಲ್ಲಿ ಮಗಳ ಹಳೆಯ ಪೆನ್ಸಿಲ್ ಡಬ್ಬಿಯಿಂದ ಕಿತ್ತ ಕಪ್ಪನೆಯ ಆಯಸ್ಕಾಂತದ ಚೂರೊಂದು ಬಿಳಿ ಸಿಪಾಯಿಯಾಗಿ ನಿಲ್ಲುತ್ತದೆ. ಎದುರಿಗೆ ಕೂರುವವರು ಕ್ಯಾತಸಂದ್ರದಲ್ಲಿ ಹತ್ತಿ ಯಶವಂತಪುರದಲ್ಲಿ ಇಳಿಯುವ ಗಣಿತದ ಮೇಷ್ಟ್ರು. ಹೋಗುವಾಗ ಅವರಿಗೆ ಕಪ್ಪು, ಬರುವಾಗ ನನಗೆ ಕಪ್ಪು ಎಂಬುದು ನಮ್ಮ ನಡುವಿನ ಕರಾರು.

ಪತ್ರಿಕೆಗಳ ಕ್ರೀಡಾಪುಟದಲ್ಲಿ ಈಗ ಕ್ವೀನ್, ರೂಕ್, ಪಾನ್ ಎಂದೇ ಬರೆಯುತ್ತಾರೆ. ನಾನು ನಮ್ಮ ಜಗಲಿಯ ಹೆಸರುಗಳನ್ನೇ ಉಳಿಸಿಕೊಳ್ಳುತ್ತೇನೆ: ರಾಜ, ಮಂತ್ರಿ, ಮೂಲೆಯ ಆನೆ, ಕುದುರೆ, ಓರೆಯಾಗಿ ಓಡುವ ಒಂಟೆ, ಮುಂದಿನ ಸಾಲಿನ ಸಿಪಾಯಿ. ಪಾಸ್ಡ್ ಪಾನ್ ಎನ್ನುವುದಕ್ಕೆ ಮಾತ್ರ ನಮ್ಮ ಕಡೆ ಒಂದು ಗಟ್ಟಿಯಾದ ಹೆಸರಿಲ್ಲ. ತನ್ನ ದಾರಿಯ ಉದ್ದಸಾಲಿನಲ್ಲಾಗಲಿ, ಅದರ ಎಡಬಲದ ಸಾಲುಗಳಲ್ಲಾಗಲಿ ಮುಂದೆ ಅಡ್ಡ ಬರುವ ಎದುರಾಳಿಯ ಸಿಪಾಯಿಯೇ ಇಲ್ಲದಂತೆ ದಾಟಿಕೊಂಡು ಬಂದ ಸಿಪಾಯಿಯನ್ನು ಮೇಷ್ಟ್ರು ‘ದಾಟಿದವನು’ ಎನ್ನುತ್ತಾರೆ. ದಾಟಿದವನು ಆರನೆಯದೋ ಏಳನೆಯದೋ ಅಡ್ಡಸಾಲಿಗೆ ಬಂದು ನಿಂತಾಗ ಮಣೆಯ ಮೇಲೆ ಏನಾಗುತ್ತದೆ ಎಂಬುದನ್ನು ಈ ಹನ್ನೊಂದು ವರ್ಷಗಳಲ್ಲಿ ನಾನು ಕಲಿತದ್ದು ನಿಧಾನವಾಗಿ, ಹೆಚ್ಚಾಗಿ ಸೋತು. ಹೊಸಬರಿಗೆ ಕಾಣುವುದು ಎಂಟನೆಯ ಸಾಲಿನ ಆ ಒಂದು ಮನೆ, ಅಲ್ಲಿ ಕಾದಿರುವ ಬಡ್ತಿ, ಅಂದರೆ ಸಿಪಾಯಿ ಮಂತ್ರಿಯೋ ಬೇರೆ ಕಾಯಿಯೋ ಆಗುವುದು. ನನಗೂ ಬಹಳ ಕಾಲ ಅದೇ ಕಾಣುತ್ತಿತ್ತು.

ಮೊದಲ ವರ್ಷದ ಒಂದು ಆಟದ ಕೊನೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನನ್ನದು ಬಿಳಿ. ಬಿಳಿಯ ಕಡೆಯಿಂದ ನೋಡಿದರೆ ಉದ್ದಸಾಲುಗಳು ಎಡದಿಂದ ಬಲಕ್ಕೆ ಎ ಇಂದ ಎಚ್ ವರೆಗೆ, ಅಡ್ಡಸಾಲುಗಳು ಒಂದರಿಂದ ಎಂಟರವರೆಗೆ; ಜಿ1 ಎಂದರೆ ಜಿ ಸಾಲಿನ ಮೊದಲ ಮನೆ. ರಾಜ ಜಿ1ರಲ್ಲಿ, ಅವನ ಮುಂದೆ ಕದಲದ ಮೂರು ಸಿಪಾಯಿಗಳು, ಎ2ರಲ್ಲಿ ಇನ್ನೊಂದು, ಆನೆ ಇ1ರಲ್ಲಿ, ದಾಟಿದವನು ಡಿ7ರಲ್ಲಿ. ಮೇಷ್ಟ್ರ ರಾಜ ಜಿ8ರಲ್ಲಿ, ಅವನ ಮುಂದೆಯೂ ಕದಲದ ಮೂರು ಸಿಪಾಯಿಗಳು, ಅತ್ತ ಎ7 ಮತ್ತು ಬಿ7ರಲ್ಲಿ ಎರಡು. ಅವರು ಆಗಷ್ಟೇ ತಮ್ಮ ಆನೆಯನ್ನು ಡಿ8ಕ್ಕೆ ತಂದು ನನ್ನ ಸಿಪಾಯಿಯ ಹಣೆಗೆ ಹಣೆ ಕೊಟ್ಟು ನಿಲ್ಲಿಸಿದ್ದರು. ಬಡ್ತಿಗೆ ಒಂದೇ ಹೆಜ್ಜೆ ಇರುವ ಸಿಪಾಯಿ ಈಗ ಏಟಿಗೆ ಸಿಕ್ಕಿದೆ, ಅದಕ್ಕೆ ಆಸರೆಯಿಲ್ಲ ಎಂದು ನನ್ನ ಎದೆ ಹೊಡೆದುಕೊಂಡಿತು. ಆನೆಯನ್ನು ಇ1ರಿಂದ ಡಿ1ಕ್ಕೆ ಸರಿಸಿ ಸಿಪಾಯಿಯ ಬೆನ್ನಿಗೆ ನಿಲ್ಲಿಸಿದೆ. ಹಾಗೆ ಮಾಡಿದ್ದಕ್ಕೆ ನನಗೆ ಸಣ್ಣ ಹೆಮ್ಮೆಯೂ ಆಯಿತು, ಏಕೆಂದರೆ ದಾಟಿದ ಸಿಪಾಯಿಯ ಹಿಂದೆ ಆನೆ ಇರಬೇಕು ಎಂಬ ಸೂತ್ರವನ್ನು ಅದೇ ವಾರ ಓದಿದ್ದೆ.

ಮೇಷ್ಟ್ರು ರಾಜನನ್ನು ಎಫ್8ಕ್ಕೆ ನಡೆಸಿದರು, ಮುಂದಿನ ಸರದಿಯಲ್ಲಿ ಇ7ಕ್ಕೆ. ನಾನೂ ನನ್ನ ರಾಜನನ್ನು ಎಫ್1ಕ್ಕೆ, ಇ2ಕ್ಕೆ ತಂದೆ. ಅಷ್ಟರಲ್ಲಿ ಡಿ7ರ ಮೇಲೆ ಅವರ ರಾಜ ಮತ್ತು ಆನೆ ಎರಡೂ ಬಿದ್ದಿದ್ದವು. ಆನೆಗೆ ಆನೆ ಹೋಯಿತು, ನನ್ನ ಸಿಪಾಯಿಯೂ ಹೋಯಿತು. ಉಳಿದದ್ದು ರಾಜರು ಮತ್ತು ಸಿಪಾಯಿಗಳು ಮಾತ್ರ. ಎ, ಬಿ ಸಾಲುಗಳ ಕಡೆ ಅವರ ಎರಡು ಸಿಪಾಯಿಗೆ ನನ್ನದು ಒಂದು. ರೈಲು ಸೋಲದೇವನಹಳ್ಳಿ ಮುಟ್ಟುವ ಮೊದಲೇ ನಾನು ಸೋತಿದ್ದೆ.

ಮೇಷ್ಟ್ರು ಏನೂ ಅನ್ನಲಿಲ್ಲ. ಕಾಯಿಗಳನ್ನು ಹಿಂದಿನ ಸ್ಥಿತಿಗೆ ಜೋಡಿಸಿ, ನನ್ನ ಆನೆಯನ್ನು ಇ1ರಿಂದ ನೇರವಾಗಿ ಇ8ರವರೆಗೆ ಬೆರಳಿನಿಂದ ತಳ್ಳಿ, “ಇದನ್ಯಾಕೆ ನೋಡ್ಲಿಲ್ಲ?” ಎಂದು ಕೇಳಿ ಕಿಟಕಿಯ ಕಡೆ ತಿರುಗಿದರು. ನೋಡಿದರೆ ಅದು ರಾಜನಿಗೆ ಚೆಕ್, ಅಂದರೆ ನೇರ ಏಟು. ಅವರ ಡಿ8ರ ಆನೆ ನನ್ನ ಆನೆಯನ್ನು ಹೊಡೆಯದೆ ಬೇರೆ ದಾರಿಯಿಲ್ಲ. ಹೊಡೆದರೆ ನನ್ನ ಸಿಪಾಯಿ ಡಿ7ರಿಂದ ಓರೆಯಾಗಿ ಇ8ರಲ್ಲಿ ಅದನ್ನು ಹೊಡೆದು ಮಂತ್ರಿಯಾಗುತ್ತದೆ, ಅಲ್ಲಿಗೆ ಚೆಕ್‌ಮೇಟ್. ತನ್ನದೇ ಮೂರು ಸಿಪಾಯಿಗಳ ಗೋಡೆಯ ಹಿಂದೆ ರಾಜನಿಗೆ ಉಸಿರಾಡಲೂ ಜಾಗವಿಲ್ಲ. ಇನ್ನೂ ನಾಚಿಕೆಯ ಸಂಗತಿಯೆಂದರೆ, ನಾನು ಯಾವ ಏಟಿಗೆ ಹೆದರಿದ್ದೆನೋ ಆ ಏಟೇ ಇರಲಿಲ್ಲ. ಅವರ ಆನೆ ಡಿ7ರ ಸಿಪಾಯಿಯನ್ನು ಹೊಡೆದಿದ್ದರೆ ನನ್ನ ಆನೆ ಇ8ಕ್ಕೆ ಬಂದ ಕೂಡಲೇ ಅದೂ ಮೇಟ್. ಆ ಸಿಪಾಯಿಗೆ ಕಾವಲು ಬೇಕಾಗಿಯೇ ಇರಲಿಲ್ಲ.

ಈ ಸೋಲನ್ನು ನಾನು ವಾರಗಟ್ಟಲೆ ಮೆಲುಕು ಹಾಕಿದೆ. ಇಷ್ಟು ಸರಳವಾದ ನಡೆ ಕಾಣದೆ ಹೋದದ್ದಕ್ಕೆ ಕಾರಣ ನನ್ನ ಕಣ್ಣು ಡಿ8ರ ಮೇಲೆ ನೆಟ್ಟಿದ್ದು. ಸಿಪಾಯಿ ನಡೆಯುವುದು ನೇರವಾಗಿ, ಹೊಡೆಯುವುದು ಓರೆಯಾಗಿ ಎಂಬುದನ್ನು ಆಟ ಕಲಿತ ಮೊದಲ ದಿನವೇ ಎಲ್ಲರೂ ತಿಳಿದಿರುತ್ತೇವೆ. ಆದರೆ ಅದರ ಪರಿಣಾಮ ಏಳನೆಯ ಸಾಲಿನಲ್ಲಿ ಎಷ್ಟು ದೊಡ್ಡದು ಎಂಬುದನ್ನು ಯೋಚಿಸಿರುವುದಿಲ್ಲ. ಡಿ7ರಲ್ಲಿ ನಿಂತ ಸಿಪಾಯಿಗೆ ಎದುರಿಗೆ ಒಂದು ಬಾಗಿಲು ಇದೆ, ಅದು ಮುಚ್ಚಿದೆ. ಎಡಕ್ಕೆ ಸಿ8, ಬಲಕ್ಕೆ ಇ8 ಎಂಬ ಇನ್ನೆರಡು ಬಾಗಿಲುಗಳಿವೆ. ಅವು ಅಲ್ಲಿ ಎದುರಾಳಿಯ ಕಾಯಿ ಬಂದು ನಿಂತಾಗ ಮಾತ್ರ ತೆರೆಯುತ್ತವೆ. ಎದುರಾಳಿ ಸುಮ್ಮನೆ ಅಲ್ಲಿಗೆ ಬರುವುದಿಲ್ಲ, ನಾವು ಕರೆತರಬೇಕು. ಕರೆಯುವ ವಿಧಾನವೆಂದರೆ ಅಲ್ಲಿ ನಮ್ಮ ಬೆಲೆಬಾಳುವ ಕಾಯಿಯೊಂದನ್ನು ಇಡುವುದು. ಆದ್ದರಿಂದ ಇಂಥ ಸಿಪಾಯಿ ಮಣೆಯ ಮೇಲಿರುವಾಗ ನಾನು ಈಗ ಅದನ್ನು ನೋಡುವುದನ್ನೇ ಬಿಟ್ಟು ಅದಕ್ಕೆ ಕಾವಲು ನಿಂತ ಕಾಯಿಯನ್ನು ನೋಡುತ್ತೇನೆ: ಇದು ಬೇರೆ ಯಾವ ಕೆಲಸವನ್ನು ಹೊತ್ತಿದೆ, ಇದನ್ನು ಎಲ್ಲಿಗೆ ಎಳೆಯಬಹುದು, ಎಳೆದರೆ ಬರದೆ ಇರಲು ಇದಕ್ಕೆ ಸಾಧ್ಯವೇ ಎಂದು.

ನಾನು ಓದಿದ್ದ ಸೂತ್ರದ ತಪ್ಪೇನೂ ಇರಲಿಲ್ಲ. ಆನೆಗಳ ಜಾಗ ದಾಟಿದ ಸಿಪಾಯಿಯ ಹಿಂದೆ, ಸಿಪಾಯಿ ನಮ್ಮದಾದರೂ ಸರಿ, ಎದುರಾಳಿಯದಾದರೂ ಸರಿ ಎಂಬ ಮಾತನ್ನು ಜರ್ಮನಿಯ ಸೀಗ್‌ಬರ್ಟ್ ಟಾರಾಷ್ ಅವರ ಹೆಸರಿನಲ್ಲಿ ಎಲ್ಲರೂ ಹೇಳುತ್ತಾರೆ. ವೃತ್ತಿಯಿಂದ ಅವರು ವೈದ್ಯರು. ಆಟಗಾರರಿಗೂ ಔಷಧದ ಚೀಟಿ ಬರೆದುಕೊಟ್ಟ ಹಾಗೆ ಸೂತ್ರಗಳನ್ನು ಕೊಟ್ಟವರು. ಸಿಪಾಯಿ ಮುಂದೆ ಹೋದಷ್ಟೂ ಹಿಂದಿರುವ ಆನೆಗೆ ಓಡಾಡುವ ಜಾಗ ಹೆಚ್ಚುತ್ತದೆ, ಮುಂದೆ ಅಡ್ಡ ನಿಂತ ಆನೆಗೆ ಕಡಿಮೆಯಾಗುತ್ತದೆ ಎಂಬುದು ಅದರ ಹಿಂದಿನ ಕಾರಣ. ದೀರ್ಘ ಹೋರಾಟಕ್ಕೆ ಅದು ಸರಿಯಾದ ಮದ್ದು. ನನ್ನ ಆಟದಲ್ಲಿ ಒಂದೇ ನಡೆಯಲ್ಲಿ ಮುಗಿಯುವ ಕೆಲಸ ಎದುರಿಗಿರುವಾಗ ನಾನು ಆರು ತಿಂಗಳ ಪಥ್ಯ ಶುರುಮಾಡಿದ್ದೆ.

ಸುಮಾರು ಮೂರು ವರ್ಷದ ನಂತರ ಅದೇ ವಿಚಾರ ಮತ್ತೆ ನನ್ನ ಮುಂದೆ ಬಂತು, ಈ ಸಲ ಬೇರೆ ವೇಷದಲ್ಲಿ. ನನ್ನ ಸಿಪಾಯಿ ಡಿ7ರಲ್ಲಿ, ಅದಕ್ಕೆ ಬಿ5ರ ಒಂಟೆಯ ಆಸರೆ, ಆನೆ ಸಿ1ರಲ್ಲಿ. ಮೇಷ್ಟ್ರ ಬಳಿ ನನ್ನ ಆನೆ ಮತ್ತು ಒಂಟೆಗೆ ಎದುರಾಗಿ ಮಂತ್ರಿ ಇತ್ತು. ರಾಜ ಎಂದಿನಂತೆ ಜಿ8ರಲ್ಲಿ ಮೂರು ಸಿಪಾಯಿಗಳ ಹಿಂದೆ. ಸಿಪಾಯಿಯನ್ನು ಇನ್ನು ಅಲುಗಾಡಲು ಬಿಡಬಾರದೆಂದು ಅವರು ಮಂತ್ರಿಯನ್ನೇ ಡಿ8ಕ್ಕೆ ತಂದು ನಿಲ್ಲಿಸಿದರು. ಮಣೆಯ ಅತಿ ಬಲಶಾಲಿ ಕಾಯಿ ಕಾವಲಿಗೆ ನಿಂತಿದೆ, ಇನ್ನು ನಿಶ್ಚಿಂತೆ ಎಂಬಂತೆ ಅವರು ನೀರಿನ ಬಾಟಲಿಗೆ ಕೈಹಾಕಿದರು. ದಾಬಸ್‌ಪೇಟೆಯಲ್ಲಿ ರೈಲು ನಿಂತಿತ್ತು. ಕಡಲೆಕಾಯಿ ಮಾರುವವನು ನಮ್ಮಿಬ್ಬರ ನಡುವೆ ಬುಟ್ಟಿ ತೂರಿಸಿ ಮಣೆಯನ್ನು ಅರ್ಧ ಮರೆಮಾಡಿದ್ದ. ಅವನು ಮುಂದೆ ಹೋಗುವವರೆಗೆ ಕಾದು ನಾನು ಆನೆಯನ್ನು ಸಿ1ರಿಂದ ಸಿ8ಕ್ಕೆ ತಳ್ಳಿದೆ.

ಈ ನಡೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಿ8ರ ಆನೆ ಡಿ8ರ ಮಂತ್ರಿಯ ಮೇಲೆ ಬಿದ್ದಿದೆ, ಮಂತ್ರಿಯ ಹಿಂದೆ ಅದೇ ಸಾಲಿನಲ್ಲಿ ರಾಜ ನಿಂತಿದ್ದಾನೆ. ಹಾಗಾಗಿ ಮಂತ್ರಿ ಸಾಲು ಬಿಟ್ಟು ಕದಲುವಂತಿಲ್ಲ. ಸಿಪಾಯಿಯನ್ನು ಹೊಡೆದು ಪಾರಾಗುವಂತೆಯೂ ಇಲ್ಲ. ಉಳಿದ ದಾರಿಯೆಂದರೆ ಆನೆಯನ್ನೇ ಹೊಡೆಯುವುದು, ಹೊಡೆದರೆ ನನ್ನ ಸಿಪಾಯಿ ಸಿ8ರಲ್ಲಿ ಮಂತ್ರಿಯನ್ನು ಹೊಡೆದು ತಾನು ಮಂತ್ರಿಯಾಗುತ್ತದೆ, ಅದೇ ಮೇಟ್. ರಾಜನನ್ನು ಎಫ್8ಕ್ಕೆ ಸರಿಸಿದರೆ ಮಂತ್ರಿ ಸುಮ್ಮನೆ ಹೋಗುತ್ತದೆ. ಮೇಷ್ಟ್ರು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡು ಮತ್ತೆ ಹಾಕಿಕೊಂಡು ನೋಡಿದರು. “ಮಂತ್ರೀನ ಕಾವಲಿಗೆ ಹಾಕ್ದೆ ನೋಡು. ಗೇಟು ಕಾಯೋಕೆ ಡಿಸೀನ ನಿಲ್ಲಿಸ್ದಂಗೆ” ಎಂದರು. ಆ ದಿನ ಕಡಲೆಕಾಯಿ ಅವರ ಲೆಕ್ಕದಲ್ಲಿ ಬಂತು.

ಮೇಷ್ಟ್ರ ಆ ಮಾತಿನಲ್ಲಿರುವ ಸತ್ಯವನ್ನು ಶಾಸ್ತ್ರವಾಗಿ ಬೆಳೆಸಿದವರು ರಿಗಾ ನಗರದಲ್ಲಿ ಹುಟ್ಟಿದ ಆರನ್ ನಿಮ್ಜೊವಿಚ್. ದಾಟಿದ ಸಿಪಾಯಿಯ ಎದುರಿನ ಮನೆಯಲ್ಲಿ ಯಾವ ಕಾಯಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಅವರಷ್ಟು ಗಂಭೀರವಾಗಿ ತೆಗೆದುಕೊಂಡವರು ಅದಕ್ಕೂ ಮೊದಲು ಇರಲಿಲ್ಲ. ಅವರ ಉತ್ತರ ಕುದುರೆ. ಕುದುರೆ ಎದುರಿನ ಗೋಡೆಯ ಮೇಲಿಂದ ಹಾರುವ ಪ್ರಾಣಿಯಾದ್ದರಿಂದ ಮುಂದೆ ಸಿಪಾಯಿ ನಿಂತಿರುವುದರಿಂದ ಅದಕ್ಕೆ ನಷ್ಟವಿಲ್ಲ. ನಿಂತಲ್ಲಿಂದಲೇ ಸುತ್ತಲಿನ ಎಂಟು ಮನೆಗಳಿಗೆ ಏಟು ಹಾಕುತ್ತಿರುತ್ತದೆ. ಆನೆಗೆ ಎದುರಿನ ದಾರಿ ಮುಚ್ಚಿಹೋಗುತ್ತದೆ. ಮಂತ್ರಿಯಂತೂ ಯಾವ ಸಣ್ಣ ಕಾಯಿ ಗದರಿಸಿದರೂ ಜಾಗ ಬಿಡಬೇಕು, ಏಕೆಂದರೆ ಒಂಟೆಗೋ ಕುದುರೆಗೋ ತನ್ನನ್ನು ಕೊಟ್ಟುಕೊಳ್ಳುವಂತಿಲ್ಲ. ಬೆಲೆ ಹೆಚ್ಚಾದಷ್ಟೂ ಕಾವಲಿಗೆ ಅನರ್ಹ ಎಂಬ ಈ ಲೆಕ್ಕ ನನಗೆ ಬಹಳ ಇಷ್ಟ. ಆದರೆ ಇದಕ್ಕೊಂದು ಷರತ್ತಿದೆ, ಅದನ್ನು ಹೆಚ್ಚಿನವರು ಹೇಳುವುದಿಲ್ಲ. ಸಿಪಾಯಿ ಐದನೆಯ ಸಾಲಿನಲ್ಲಿರುವಾಗ ಆರನೆಯ ಸಾಲಿನಲ್ಲಿ ನಿಂತ ಕುದುರೆ ನಿಜಕ್ಕೂ ಸುಖವಾಗಿರುತ್ತದೆ. ಸಿಪಾಯಿ ಏಳಕ್ಕೆ ಬಂದ ಮೇಲೆ ಎಂಟರಲ್ಲಿ ನಿಲ್ಲುವ ಕುದುರೆಗೆ ಗೋಡೆ ಬೆನ್ನಿಗೆ ಹತ್ತಿರುತ್ತದೆ. ಅದರ ಎಂಟು ಮನೆಗಳಲ್ಲಿ ಅರ್ಧ ಮಣೆಯ ಹೊರಗಿರುತ್ತವೆ. ತಡೆಯಬೇಕೆಂದಿರುವವನು ಬಯಲಿನಲ್ಲೇ ತಡೆಯಬೇಕು. ಹೊಸ್ತಿಲಿಗೆ ಬಂದ ಮೇಲೆ ಯಾರು ನಿಂತರೂ ಕಷ್ಟ.

ಹೊಸ್ತಿಲಿಗೆ ಒಬ್ಬರಲ್ಲ, ಮೂವರು ಒಟ್ಟಿಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಎಲ್ಲ ಆಟಗಾರರೂ ಒಮ್ಮೆ ನೋಡಿರುವ ಚಿತ್ರವೊಂದಿದೆ. 1834ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸಿನ ಲಾ ಬೂರ್ದೊನೆ ಮತ್ತು ಐರ್ಲೆಂಡಿನ ಮೆಕ್‌ಡಾನೆಲ್ ಒಟ್ಟು 85 ಆಟಗಳನ್ನು ಆಡಿದರು. ಅದರಲ್ಲಿ 62ನೆಯದರ ಕೊನೆಯಲ್ಲಿ ಕಪ್ಪು ಕಾಯಿಗಳ ಲಾ ಬೂರ್ದೊನೆ ತನ್ನ ಮಂತ್ರಿಯನ್ನು ಒಂದು ಆನೆಗೆ ಕೊಟ್ಟು, ಮುಂದಿನ ನಡೆಯಲ್ಲಿ ಮೂರನೆಯ ಸಿಪಾಯಿಯನ್ನೂ ಉಳಿದೆರಡರ ಪಕ್ಕಕ್ಕೆ ತಳ್ಳಿದ. ಡಿ, ಇ, ಎಫ್ ಸಾಲುಗಳಲ್ಲಿ ಮೂರು ಕಪ್ಪು ಸಿಪಾಯಿಗಳು ಬಡ್ತಿಗೆ ಒಂದೊಂದೇ ಹೆಜ್ಜೆ ಬಿಟ್ಟು ಭುಜಕ್ಕೆ ಭುಜ ಹಚ್ಚಿ ನಿಂತವು. ಬಿಳಿಯ ಬಳಿ ಮಂತ್ರಿಯೂ ಇತ್ತು, ಆನೆಯೂ ಇತ್ತು, ಮಾಡಲು ಏನೂ ಇರಲಿಲ್ಲ. ಆ ಮೂರರಲ್ಲಿ ಒಂದೂ ಮಂತ್ರಿಯಾಗುವ ಮೊದಲೇ ಮೆಕ್‌ಡಾನೆಲ್ ಸೋಲೊಪ್ಪಿಕೊಂಡ. ಮೇಷ್ಟ್ರು ಈ ಸ್ಥಿತಿಯನ್ನು ನಮ್ಮ ಮಣೆಯ ಮೇಲೆ ಜೋಡಿಸಿ ತೋರಿಸಿದಾಗ ಪಕ್ಕದಲ್ಲಿ ಕುಳಿತಿದ್ದ ಇಸ್ಪೀಟಿನವರೊಬ್ಬರು ಎಲೆ ಹಾಕುವುದನ್ನು ಬಿಟ್ಟು ಬಗ್ಗಿ ನೋಡಿ, “ಇದೇನ್ ಸ್ವಾಮಿ, ದೇವಸ್ಥಾನದ ಬಾಗ್ಲು ತೆಗೆಯೋಕೆ ಕಾಯ್ಕೊಂಡ್ ನಿಂತಂಗ್ ನಿಂತವೆ” ಎಂದಿದ್ದರು.

ಬಡ್ತಿ ಎಂದರೆ ಮಂತ್ರಿಯೇ ಆಗಬೇಕೆಂದಿಲ್ಲ ಎಂಬುದು ನನಗೆ ಗೊತ್ತಿತ್ತು, ಆದರೆ ಅದನ್ನು ಯಾವ ಬುದ್ಧಿವಂತ ಬಯಸುತ್ತಾನೆ ಎಂದು ಅನ್ನಿಸುತ್ತಿತ್ತು. ಒಂದು ಸಂಜೆ ಮೇಷ್ಟ್ರು ನಾಲ್ಕೇ ಕಾಯಿಗಳನ್ನಿಟ್ಟರು. ಬಿಳಿ ರಾಜ ಬಿ6ರಲ್ಲಿ, ಸಿಪಾಯಿ ಸಿ6ರಲ್ಲಿ. ಕಪ್ಪು ರಾಜ ದೂರದ ಎ1ರ ಮೂಲೆಯಲ್ಲಿ, ಆನೆ ಡಿ5ರಲ್ಲಿ. ಬಿಳಿಯ ನಡೆ. 1895ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪತ್ರಿಕೆಯ ಚದುರಂಗ ಅಂಕಣ ಬರೆಯುತ್ತಿದ್ದ ಬಾರ್ಬಿಯೆ ಎಂಬವರು ಇದನ್ನು ಡ್ರಾ ಎಂದು ಪ್ರಕಟಿಸಿದ್ದರು. ಆಗ ಅದೇ ಊರಿನಲ್ಲಿದ್ದ ಫರ್ನಾಂಡೊ ಸಾವೆದ್ರಾ ಎಂಬ ಸ್ಪೇನ್ ದೇಶದ ಪಾದ್ರಿ ಅದರಲ್ಲಿ ಗೆಲುವು ಇದೆಯೆಂದು ತೋರಿಸಿದರು. ಅವರ ಹೆಸರನ್ನು ಚದುರಂಗ ಇಂದಿಗೂ ನೆನೆಯುವುದು ಆ ಒಂದೇ ನಡೆಗಾಗಿ.

ಸಿಪಾಯಿ ಸಿ7ಕ್ಕೆ ಹೋಗುತ್ತದೆ. ಆನೆ ಡಿ6ಕ್ಕೆ ಬಂದು ಚೆಕ್ ಕೊಡುತ್ತದೆ. ರಾಜ ಸಿ5ಕ್ಕೆ ಬಂದರೆ ಆನೆ ಡಿ1ಕ್ಕೆ ಹೋಗಿ, ಸಿಪಾಯಿ ಮಂತ್ರಿಯಾದ ಕೂಡಲೇ ಸಿ1ರಿಂದ ಚೆಕ್ ಕೊಟ್ಟು ರಾಜನ ಹಿಂದಿರುವ ಮಂತ್ರಿಯನ್ನು ಕಬಳಿಸುತ್ತದೆ. ಆದ್ದರಿಂದ ರಾಜ ಬಿ5, ಬಿ4, ಬಿ3 ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತಾನೆ, ಆನೆ ಡಿ ಸಾಲಿನಲ್ಲೇ ಚೆಕ್ ಕೊಡುತ್ತಾ ಜೊತೆಗೆ ಇಳಿಯುತ್ತದೆ. ಆನೆ ಡಿ3ರಿಂದ ಚೆಕ್ ಕೊಟ್ಟಾಗ ರಾಜ ಸಿ2ಕ್ಕೆ ಬರುತ್ತಾನೆ. ಈಗ ಚೆಕ್ ಇಲ್ಲ, ಡಿ1ರ ದಾರಿಯೂ ಮುಚ್ಚಿತು. ಕಪ್ಪು ಆನೆಯನ್ನು ಡಿ4ಕ್ಕೆ ಹಿಂದೆಗೆಯುತ್ತದೆ. ಎಲ್ಲರ ಕೈಯೂ ಇಲ್ಲಿ ಮಂತ್ರಿಯ ಕಡೆಗೇ ಹೋಗುತ್ತದೆ. ಮಂತ್ರಿ ಮಾಡಿದರೆ ಆನೆ ಸಿ4ಕ್ಕೆ ಬಂದು ಚೆಕ್ ಕೊಡುತ್ತದೆ, ಮಂತ್ರಿ ಅದನ್ನು ಹೊಡೆಯಲೇಬೇಕು, ಹೊಡೆದ ಕ್ಷಣ ಮೂಲೆಯ ಕಪ್ಪು ರಾಜನಿಗೆ ನಡೆಯೇ ಇಲ್ಲದೆ ಆಟ ಡ್ರಾ ಆಗುವ ಸ್ಟೇಲ್‌ಮೇಟ್. ಸಾವೆದ್ರಾ ಸಿ8ರಲ್ಲಿ ಆನೆ ಮಾಡಿದರು. ಈಗ ಎ8ರಿಂದ ಮೇಟಿನ ಬೆದರಿಕೆ. ಅದನ್ನು ತಪ್ಪಿಸಲು ಕಪ್ಪು ಆನೆ ಎ4ಕ್ಕೆ ಹೋಗಲೇಬೇಕು. ಆಗ ಬಿಳಿ ರಾಜ ಬಿ3ಕ್ಕೆ ಬಂದು ಆ ಆನೆಯ ಮೇಲೂ ಬೀಳುತ್ತಾನೆ, ಸಿ1ರಲ್ಲಿ ಮೇಟಿಗೂ ದಾರಿ ಮಾಡುತ್ತಾನೆ. ಎರಡನ್ನೂ ತಡೆಯಲು ಒಂದು ನಡೆ ಸಾಲದು. ನಾನು ಇದನ್ನು ಮನೆಗೆ ಬಂದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕು ಸಲ ಆಡಿ ನೋಡಿದೆ. ಸಿಪಾಯಿಗೆ ಕಡಿಮೆ ದರ್ಜೆಯ ಬಡ್ತಿ ಕೊಟ್ಟಿದ್ದಕ್ಕೇ ಗೆಲುವು ಬಂತು ಎಂಬುದು ಪ್ರತಿ ಸಲವೂ ಮೋಸದಂತೆಯೇ ಕಂಡಿತು.

ನನ್ನ ತಾತ ಇದ್ದಿದ್ದರೆ ಇದನ್ನು ಒಪ್ಪುತ್ತಲೇ ಇರಲಿಲ್ಲ. ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿಯ ಜಗಲಿಯಲ್ಲಿ ಅವರು ಆಡುತ್ತಿದ್ದದ್ದು ಹಳೆಯ ದೇಸಿ ಕ್ರಮ. ಅಲ್ಲಿ ಸಿಪಾಯಿಗೆ ಮೊದಲ ನಡೆಯಲ್ಲೂ ಎರಡು ಮನೆ ಹಾರುವ ಹಕ್ಕಿಲ್ಲ, ಕೊನೆಯ ಸಾಲು ಮುಟ್ಟಿದಾಗ ಬೇಕಾದ ಕಾಯಿ ಆರಿಸುವ ಹಕ್ಕೂ ಇಲ್ಲ. ಯಾವ ಕಾಯಿಯ ಮನೆಗೆ ಬಂತೋ ಅದೇ ಕಾಯಿ ಆಗಬೇಕು: ಆನೆಯ ಮನೆಯಲ್ಲಿ ಆನೆ, ಕುದುರೆಯ ಮನೆಯಲ್ಲಿ ಕುದುರೆ. ಆ ಲೆಕ್ಕದಲ್ಲಿ ಸಿ8ಕ್ಕೆ ಬಂದ ಸಾವೆದ್ರಾ ಅವರ ಸಿಪಾಯಿ ಒಂಟೆಯಾಗುತ್ತಿತ್ತು, ಪಾದ್ರಿಗಳ ಹೆಸರು ಗ್ಲಾಸ್ಗೋ ದಾಟುತ್ತಿರಲಿಲ್ಲ. ತಾತನ ಆಟದಲ್ಲಿ ಮಧ್ಯದ ಸಿಪಾಯಿಗೂ ಅಂಚಿನ ಸಿಪಾಯಿಗೂ ಹುಟ್ಟಿನಿಂದಲೇ ಬೇರೆ ಬೇರೆ ಭವಿಷ್ಯ ಇರುತ್ತಿದ್ದದ್ದರಿಂದ ಯಾವ ಸಾಲಿನಲ್ಲಿ ಹೊಡೆಯುವುದು, ಯಾವ ಸಾಲಿಗೆ ಸರಿಯುವುದು ಎಂಬುದೆಲ್ಲ ಮೊದಲಿನಿಂದಲೇ ತೂಗಬೇಕಾಗುತ್ತಿತ್ತು ಎಂದು ಈಗ ಅರ್ಥವಾಗುತ್ತದೆ. ಆಗ ನನಗೆ ಅದು ಮುದುಕರ ಹಟ ಎನ್ನಿಸಿತ್ತು.

ನಮ್ಮ ಮಣೆಯಲ್ಲಿ ಎರಡನೆಯ ಮಂತ್ರಿ ಇಲ್ಲ. ಮೊದಲ ಮಂತ್ರಿ ಇನ್ನೂ ಆಟದಲ್ಲಿರುವಾಗಲೇ ಸಿಪಾಯಿ ಬಡ್ತಿ ಪಡೆದರೆ, ಹೊಡೆಸಿಕೊಂಡ ಆನೆಯೊಂದರ ಕೊರಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ಮಂತ್ರಿ ಎಂದು ನಿಲ್ಲಿಸುತ್ತೇವೆ. ಬೇರೆಡೆ ಆನೆಯನ್ನು ತಲೆಕೆಳಗಾಗಿ ಇಟ್ಟು ಮಂತ್ರಿ ಎನ್ನುವ ರೂಢಿಯಿದೆ. ಆಯಸ್ಕಾಂತ ಬುಡದಲ್ಲಿರುವುದರಿಂದ ನಮಗೆ ಅದು ಆಗದು. ಆಗದಿರುವುದೇ ಒಳ್ಳೆಯದು. 2017ರಲ್ಲಿ ಕೆನಡಾದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಟೈಬ್ರೇಕ್ ಆಟದಲ್ಲಿ ನಿಕೊಲಾಯ್ ನೊರಿತ್ಸಿನ್ ಗಡಿಯಾರದ ಒತ್ತಡದಲ್ಲಿ ಮಂತ್ರಿಯ ಕಾಯಿ ಸಿಗದೆ ಆನೆಯನ್ನು ತಲೆಕೆಳಗಾಗಿಟ್ಟು ಮಂತ್ರಿ ಎಂದರು. ತೀರ್ಪುಗಾರರು ಆಟ ನಿಲ್ಲಿಸಿ, ತಲೆಕೆಳಗಾದರೂ ಆನೆ ಆನೆಯೇ ಎಂದರು. ನೊರಿತ್ಸಿನ್ ಆ ಆಟವನ್ನು ಸೋತರು. ಏಳು ಸಾಲು ದಾಟಿ ಬಂದ ಸಿಪಾಯಿಗೆ ಕೊನೆಯಲ್ಲಿ ಪೋಷಾಕು ಸಿಗದೆ ಹೋದಂತಾಯಿತು.

ಮೇಷ್ಟ್ರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು 1921ರಲ್ಲಿ ರಿಚರ್ಡ್ ರೇಟಿ ರಚಿಸಿದ ಸ್ಥಿತಿ. ಅದರಲ್ಲಿ ಬಿಳಿ ರಾಜ ಎಚ್8ರಲ್ಲಿ, ಸಿಪಾಯಿ ಸಿ6ರಲ್ಲಿ. ಕಪ್ಪು ರಾಜ ಎ6ರಲ್ಲಿ, ಸಿಪಾಯಿ ಎಚ್5ರಲ್ಲಿ. ಕಪ್ಪು ಸಿಪಾಯಿ ಓಡಿಹೋಗುತ್ತದೆ, ಬಿಳಿ ರಾಜನಿಗೆ ಅದು ಸಿಗುವುದಿಲ್ಲ. ಬಿಳಿ ಸಿಪಾಯಿಯನ್ನು ಕಪ್ಪು ರಾಜ ಯಾವಾಗ ಬೇಕಾದರೂ ಹಿಡಿಯುತ್ತಾನೆ. ನೋಡಿದರೆ ಸೋಲು ಖಚಿತ. ಆದರೆ ಬಿಳಿ ರಾಜ ಜಿ7, ಎಫ್6, ಇ5 ಎಂದು ಓರೆಯಾಗಿ ಇಳಿಯುತ್ತಾನೆ. ಒಂದೊಂದು ಹೆಜ್ಜೆಯೂ ಓಡುವ ಸಿಪಾಯಿಗೂ ಹತ್ತಿರ, ತನ್ನ ಸಿಪಾಯಿಗೂ ಹತ್ತಿರ. ಕಪ್ಪು ಸಿ6ನ್ನು ಹಿಡಿಯಲು ತಿರುಗಿ ನಡೆ ಕಳೆದರೆ ಬಿಳಿ ರಾಜ ಎಚ್ ಸಾಲಿನ ಸಿಪಾಯಿಯನ್ನು ತಲುಪುತ್ತಾನೆ. ತಿರುಗದೆ ಓಡಿದರೆ ತನ್ನ ಸಿಪಾಯಿಯ ಪಕ್ಕಕ್ಕೆ ಬಂದು ಅದನ್ನೂ ದಾಟಿಸುತ್ತಾನೆ. ಎರಡು ದಾರಿಯೂ ಡ್ರಾ. ಮೇಷ್ಟ್ರು ತರಗತಿಯಲ್ಲಿ ಕರ್ಣ ಯಾವಾಗಲೂ ಬಾಹುಗಳಿಗಿಂತ ಉದ್ದ ಎಂದು ಪಾಠ ಮಾಡುವವರು. “ಈ ಅರವತ್ನಾಲ್ಕು ಮನೆ ಒಳಗೆ ಮಾತ್ರ ಪೈಥಾಗೊರಸ್‌ಗೆ ರಜೆ ಕಣಯ್ಯ. ರಾಜನಿಗೆ ಓರೆಗೂ ಅಷ್ಟೇ ಹೆಜ್ಜೆ, ನೆಟ್ಟಗೂ ಅಷ್ಟೇ ಹೆಜ್ಜೆ” ಎಂದು ಪ್ರತಿ ಸಲವೂ ಹೊಸದಾಗಿ ಹೇಳುತ್ತಾರೆ. ನನ್ನ ಗಮನ ಸೆಳೆಯುವುದು ಸಿ6ರ ಆ ಒಂಟಿ ಸಿಪಾಯಿ. ಅದು ಆಟದುದ್ದಕ್ಕೂ ಮಾಡುವುದು ಬಹಳ ಕಡಿಮೆ. ಅಲ್ಲಿ ನಿಂತಿರುವುದರಿಂದಲೇ ಕಪ್ಪು ರಾಜ ತಲೆಯನ್ನು ಅತ್ತ ಇಟ್ಟುಕೊಂಡಿರಬೇಕಾಗಿದೆ, ಅಷ್ಟು ಸಾಕಾಗಿದೆ.

ಹಾಗೆಂದು ಎಷ್ಟು ಮುಂದೆ ಹೋದರೆ ಅಷ್ಟು ಒಳ್ಳೆಯದು ಎಂದುಕೊಂಡರೆ ಆನೆಗಳಾಟದಲ್ಲಿ ಏಟು ತಿನ್ನಬೇಕಾಗುತ್ತದೆ. ಬಿಳಿಯ ಸಿಪಾಯಿ ಎ7ರಲ್ಲಿ, ಅದರ ಮುಂದೆ ಎ8ರಲ್ಲಿ ತನ್ನದೇ ಆನೆ. ಕಪ್ಪು ಆನೆ ಹಿಂದಿನಿಂದ ಎ1ರಲ್ಲಿ, ಕಪ್ಪು ರಾಜ ಜಿ7ರಲ್ಲಿ. ನೋಡುವವರಿಗೆ ಬಿಳಿ ಗೆದ್ದೇಬಿಟ್ಟಂತೆ. ಆದರೆ ಬಿಳಿ ಆನೆ ಕದಲಿದರೆ ಸಿಪಾಯಿ ಹೋಗುತ್ತದೆ. ರಾಜ ಸಹಾಯಕ್ಕೆ ಬಿ7ಕ್ಕೆ ಹೋದರೆ ಹಿಂದಿನಿಂದ ಚೆಕ್ ಬೀಳುತ್ತದೆ, ಅವಿತುಕೊಳ್ಳಲು ಮನೆಯಿಲ್ಲ. ಇದ್ದ ಒಂದು ಮನೆಯಲ್ಲಿ ಸಿಪಾಯಿಯೇ ನಿಂತಿದೆ. ಕಪ್ಪು ರಾಜ ಜಿ7 ಮತ್ತು ಎಚ್7ರ ನಡುವೆ ಓಲಾಡುತ್ತಿದ್ದರೆ ಡ್ರಾ. ಅವನು ಮೈಮರೆತು ಎಫ್7ಕ್ಕೆ ಬಂದರೆ ಮಾತ್ರ ಮೋಜು: ಬಿಳಿ ಆನೆ ಎಚ್8ಕ್ಕೆ ಹಾರುತ್ತದೆ, ಕಪ್ಪು ಆನೆ ಎ7ನ್ನು ಹೊಡೆದರೆ ಎಚ್7ರಿಂದ ಚೆಕ್, ರಾಜ ಸರಿದ ಕೂಡಲೇ ಸಾಲಿನ ಆಚೆ ತುದಿಯ ಆನೆ ಕೈಗೆ. ತಿಳಿದ ಎದುರಾಳಿ ಎಫ್7ಕ್ಕೆ ಬರುವುದಿಲ್ಲ. ಅದೇ ಸಿಪಾಯಿ ಎ6ರಲ್ಲಿ ಉಳಿದಿದ್ದರೆ ಎ7 ಬಿಳಿ ರಾಜನಿಗೆ ಮಳೆಯಲ್ಲಿ ಸಿಕ್ಕ ಸೂರಿನಂತೆ ಇರುತ್ತಿತ್ತು.

ಮೇಷ್ಟ್ರ ಮನೆತನ ತಿಪಟೂರು ಕಡೆಯದು, ತೆಂಗಿನ ತೋಟದವರು. ಉಂಡೆ ಕೊಬ್ಬರಿಗೆಂದು ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ವರ್ಷದವರೆಗೆ ಮುಟ್ಟದೆ ಬಿಡುತ್ತಾರೆ. ಒಳಗಿನ ನೀರೆಲ್ಲ ಆರಿ, ಕೊಬ್ಬರಿ ಚಿಪ್ಪು ಬಿಟ್ಟು, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಸದ್ದು ಬರಬೇಕು. ಅವರ ಚಿಕ್ಕಂದಿನಲ್ಲಿ ಸಾಲದ ಒತ್ತಡಕ್ಕೆ ಒಂದು ವರ್ಷ ಮೊದಲೇ ಅಟ್ಟ ಇಳಿಸಿದ್ದರಂತೆ. ಅರ್ಧಕ್ಕರ್ಧ ಚಿಪ್ಪಿಗೆ ಅಂಟಿಕೊಂಡು ಚೂರಾಗಿ ಬಂತಂತೆ. ಅತ್ತ ಉಂಡೆಯ ಬೆಲೆಯೂ ಸಿಗಲಿಲ್ಲ, ಇತ್ತ ಹಸಿಕಾಯಿಯ ಬೆಲೆಯೂ ಸಿಗಲಿಲ್ಲ. ಸಿಪಾಯಿಯನ್ನು ಎ7ಕ್ಕೆ ತಳ್ಳಲು ನನ್ನ ಬೆರಳು ಹೋದಾಗಲೆಲ್ಲ ಅವರು “ಅಟ್ಟ ಇಳಿಸ್ತಿದೀಯ” ಎನ್ನುತ್ತಾರೆ. ಎದುರಾಳಿಗೆ ಇಂಥ ಎಚ್ಚರಿಕೆ ಕೊಡುವುದು ಯಾವ ನಿಯಮದಲ್ಲೂ ಇಲ್ಲ, ನಾನು ಹಾಗೆ ಹೇಳಿದರೂ ಅವರು ಕೇಳುವುದಿಲ್ಲ.

ನಿನ್ನೆ ಸಂಜೆ ಬರುವಾಗಿನ ಆಟ ಮುಗಿಯಲಿಲ್ಲ. ಇತ್ತೀಚೆಗೆ ಕರಾರು ಮುರಿದು ಬರುವಾಗಲೂ ನನಗೇ ಬಿಳಿ ಕೊಡುತ್ತಿದ್ದಾರೆ, ಕಣ್ಣಿಗೆ ಕಪ್ಪೇ ಹಿತ ಎನ್ನುತ್ತಾರೆ. ಕ್ಯಾತಸಂದ್ರ ಬಂದಾಗ ಮಣೆಯ ಮೇಲೆ ಉಳಿದಿದ್ದದ್ದು ಐದು ಕಾಯಿ. ನನ್ನ ಆನೆ ಎ8ರಲ್ಲಿ, ರಾಜ ಎಫ್3ರಲ್ಲಿ, ಎ6ರಲ್ಲಿ ಪೆನ್ಸಿಲ್ ಡಬ್ಬಿಯ ಆಯಸ್ಕಾಂತದ ಚೂರು. ಅವರ ಆನೆ ಎ1ರಲ್ಲಿ, ರಾಜ ಜಿ7ರಲ್ಲಿ. ನಡೆ ಅವರದು. ಮೇಷ್ಟ್ರು ಇಳಿಯುವ ಗಡಿಬಿಡಿಯಲ್ಲಿ ಚಪ್ಪಲಿ ಹುಡುಕುತ್ತಾ, “ಹಂಗೇ ಮಡ್ಚಿಡು, ನಾಳೆ ನೋಡಣ” ಎಂದರು. ಜೆಕ್ ದೇಶದ ಯೋಸೆಫ್ ವಾಂಚುರಾ ತೋರಿಸಿದ ಉಪಾಯವೊಂದು ಇಲ್ಲಿದೆ: ಕಪ್ಪು ಆನೆ ಹಿಂದಿನಿಂದ ಎದ್ದು ಎಫ್1ರಿಂದ ಒಂದು ಚೆಕ್ ಕೊಟ್ಟು ಎಫ್6ಕ್ಕೆ ಬಂದು, ಪಕ್ಕದಿಂದ ಎ6ರ ಸಿಪಾಯಿಯ ಮೇಲೆ ಕಣ್ಣಿಟ್ಟು ಕೂರುವುದು. ನನ್ನ ರಾಜ ಸಿಪಾಯಿಯ ಆಸರೆಗೆ ಬಂದರೆ ಪಕ್ಕದಿಂದ ಚೆಕ್, ಸಿಪಾಯಿ ಎ7ಕ್ಕೆ ಹೋದರೆ ಆನೆ ಮತ್ತೆ ಅದರ ಹಿಂದಕ್ಕೆ. ಅಲ್ಲಿಗೆ ಡ್ರಾ. ಅದು ಅವರಿಗೆ ಗೊತ್ತಿದೆಯೋ ಇಲ್ಲವೋ ನಾನು ಕೇಳಿಲ್ಲ, ಕೇಳುವಂತೆಯೂ ಇಲ್ಲ. ಮಣೆ ಚೀಲದಲ್ಲಿದೆ. ಬೆಳಿಗ್ಗೆ ತುಮಕೂರು ಬಿಟ್ಟರೆ ಮುಂದಿನ ನಿಲ್ದಾಣವೇ ಕ್ಯಾತಸಂದ್ರ. ಅವರು ಹತ್ತಿ ಕೂರುವಷ್ಟರಲ್ಲಿ ಆ ಚೂರು ಎ6ರಿಂದ ಜಾರಿಲ್ಲವೆಂದು ಒಮ್ಮೆ ತೆಗೆದು ನೋಡಿಕೊಳ್ಳಬೇಕು.